ರಸ್ತೆಯ ಕಡೆ ಕುದುರೆಯ ಮುಖ

ನಮ್ಮ ಗುಂಡಮ್ಮತ್ತೆಯನ್ನು ಆ ಸಿನೆಮಾಕ್ಕೆ ಕರೆದುಕೊಂಡು ಹೋದವಳು ನಾನೇ. ಬೇರೆ ಯಾರ ತಲೆಗೂ ಇದನ್ನು ಕಟ್ಟುವಂತಿಲ್ಲ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಅತ್ತೆ ತೀರಿಕೊಂಡು ಇಷ್ಟು ವರ್ಷವಾದರೂ ಭಾಲ್ಕಿಯ ಆ ಓಣಿಗೆ ಹೋದಾಗ, "ಏನ್ ಛಂದ ಕಥಿ ಹೇಳ್ತಿದ್ಳವ್ವ ನಿಮ್ಮ ಅತ್ತಿ" ಎನ್ನುವವರು ಒಬ್ಬರಾದರೂ ಸಿಗುತ್ತಾರೆ. ಯಾಕೆ ನಿಲ್ಲಿಸಿದಳು ಎಂದು ಯಾರೂ ಕೇಳುವುದಿಲ್ಲ.

ಅತ್ತೆ ನಮ್ಮ ಅಪ್ಪನ ಅಕ್ಕ. ಹುಟ್ಟಿದ್ದು ಔರಾದ ತಾಲೂಕಿನ ಎಕಂಬಾದಲ್ಲಿ, ಕೊಟ್ಟದ್ದು ಭಾಲ್ಕಿಗೆ. ಗಂಡ ಪ್ಲೇಗಿನಲ್ಲಿ ಹೋದಾಗ ಅವಳಿಗೆ ಇಪ್ಪತ್ತೂ ತುಂಬಿರಲಿಲ್ಲ, ಮಕ್ಕಳೂ ಇರಲಿಲ್ಲ. ತವರಿಗೆ ಬಾ ಎಂದರೆ ಬರಲಿಲ್ಲ. ಹಪ್ಪಳ, ಶ್ಯಾವಿಗೆ ಮಾಡಿ ಮಾರಿಕೊಂಡು ಗಂಡನ ಮನೆಯಲ್ಲೇ ಉಳಿದಳು. ಮಠದ ಅಯ್ಯನವರ ಹತ್ತಿರ ಹಟ ಹಿಡಿದು ಕನ್ನಡ ಅಕ್ಷರ ಕಲಿತಿದ್ದಳು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿದ ಬೆರಳನ್ನೇ ಸಾಲಿನ ಕೆಳಗೆ ಎಡದಿಂದ ಬಲಕ್ಕೆ ಜರುಗಿಸುತ್ತ ವಚನ ಓದುವಳು. ಆಗ ನಿಜಾಮನ ಆಳ್ವಿಕೆ, ಶಾಲೆಯೆಂದರೆ ಉರ್ದು ಶಾಲೆ. ಅಲ್ಲಿ ಓದಿ ಬಂದ ಗಂಡಸರ ಮುಂದೆ, "ನನಗೂ ಓದ್ಲಾಕ ಬರ್ತದ" ಎಂದು ಕೊಚ್ಚಿಕೊಳ್ಳುವಷ್ಟು ಜಂಬ ಅವಳಿಗಿತ್ತು. ಆ ಜಂಬ ನನಗೆ ಇಷ್ಟವಾಗುತ್ತಿತ್ತು.

ಗೋಡೆಗೆ ಗೋಡೆ ಹತ್ತಿದ ಮನೆ ಟಾಂಗಾದ ಲಾಲ ಅಹ್ಮದನದು. ಹೆಂಡತಿ ಕುಲಸುಮಬೀ, ಒಬ್ಬಳೇ ಮಗಳು ಆಬೇದಾ. ಲಾಲ ಅಹ್ಮದನಿಗೆ ಒಂದು ಶಿಸ್ತು ಇತ್ತು. ಯಾರ ಮನೆಗೆ ಹೋದರೂ ಟಾಂಗಾ ತಿರುಗಿಸಿ ಅದರ ಬೆನ್ನು ಬಾಗಿಲಿಗೆ ಹತ್ತುವಂತೆ ನಿಲ್ಲಿಸುವನು. ಹಿಂದಿನ ಸೀಟಿನಲ್ಲಿ ಕೂತ ಹೆಂಗಸರು ಇಳಿದರೆ ಒಂದೇ ಹೆಜ್ಜೆಗೆ ಹೊಸ್ತಿಲು. ಕುದುರೆಯ ಮುಖ ಮಾತ್ರ ಯಾವಾಗಲೂ ರಸ್ತೆಯ ಕಡೆ.

ನಲವತ್ತೆಂಟರ ಬೇಸಿಗೆಯಲ್ಲಿ ನಿಜಾಮನ ಪರದ ರಜಾಕಾರರ ಹಾವಳಿ ಎಕಂಬಾಕ್ಕೆ ಬಂದಾಗ ನಮ್ಮನ್ನು ಉಳಿಸಿದ್ದು ಆ ಟಾಂಗಾ. ಅತ್ತೆ ಒಂದು ಮಾತು ಹೇಳಿದ್ದಕ್ಕೆ ಲಾಲ ಅಹ್ಮದ ಭಾಲ್ಕಿಯಿಂದ ಎರಡು ದಿನದ ದಾರಿ ಹೊಡೆದುಕೊಂಡು ಬಂದ. ಟಾಂಗಾಕ್ಕೆ ಪರದೆ ಕಟ್ಟಿ, ತಡೆದವರಿಗೆಲ್ಲ "ಜನಾನಾ ಸವಾರಿ", ಒಳಗೆ ಹೆಂಗಸರು ಎನ್ನುತ್ತ ನಮ್ಮನ್ನು ಡಾಬಕಾದ ಮೇಲೆ ಹಾಯಿಸಿ, ಎಷ್ಟೋ ದಿನದ ದಾರಿ ಕಳೆದು, ನಿಜಾಮನ ಗಡಿ ದಾಟಿಸಿ ಇಳಿಸಿದ. ಒಳಗೆ ನಮ್ಮ ಅಪ್ಪನೂ ಬುರ್ಖಾ ಹಾಕಿಕೊಂಡು ಕೂತಿದ್ದ, ಮೀಸೆಯ ಸಮೇತ. ನಾನು ಹದಿನೈದರ ಹುಡುಗಿ. ಹೆದರಿಕೆಯಲ್ಲೂ ನಗು ತಡೆಯಲಾಗದೆ ಅವ್ವನ ಕೈಯಿಂದ ಚಿವುಟಿಸಿಕೊಂಡಿದ್ದೆ.

ಸೆಪ್ಟೆಂಬರಿನಲ್ಲಿ ಹಿಂದುಸ್ತಾನದ ಫೌಜು ಬಂತು. ಪೋಲೀಸ್ ಕಾರ್ಯಾಚರಣೆ ಐದು ದಿನದಲ್ಲಿ ಮುಗಿಯಿತು ಎಂದು ಮುಂದೆ ಶಾಲೆಯಲ್ಲಿ ನಾನೇ ಮಕ್ಕಳಿಗೆ ಕಲಿಸಿದೆ. ನಮ್ಮ ಕಡೆ ಅದು ಐದು ದಿನಕ್ಕೆ ಮುಗಿಯಲಿಲ್ಲ. ರಜಾಕಾರರ ಮೇಲಿನ ಸಿಟ್ಟನ್ನು ಯಾರ ತಂಟೆಗೂ ಹೋಗದ ಮುಸಲ್ಮಾನರ ಮೇಲೆ ತೀರಿಸಿಕೊಂಡರು. ತೀರಿಸಿಕೊಂಡವರಲ್ಲಿ ನಮ್ಮವರೂ ಇದ್ದರು. ಅದನ್ನು ಮುಚ್ಚಿಟ್ಟು ಮಾತಾಡುವ ವಯಸ್ಸು ಈಗ ನನ್ನದಲ್ಲ. ಲಾಲ ಅಹ್ಮದನ ತಂಗಿಯನ್ನು ಡಾಬಕಾಕ್ಕೆ ಕೊಟ್ಟಿತ್ತು. ಅವಳನ್ನು ಕರೆತರುತ್ತೇನೆಂದು ಟಾಂಗಾ ಹೂಡಿಕೊಂಡು ಹೋದವನು ಮರಳಲಿಲ್ಲ. ಐದನೆಯ ದಿನ ಕುದುರೆಯೊಂದೇ ಬಂದು ಬಾಗಿಲಲ್ಲಿ ನಿಂತಿತು.

ಅಂದೇ ಅತ್ತೆ ಹಿತ್ತಲ ಗೋಡೆಯ ಮೇಲಿನಿಂದ ತಾಯಿ ಮಗಳನ್ನು ತನ್ನ ಮನೆಗೆ ಎಳೆದುಕೊಂಡಳು. ಜೋಳದ ಚೀಲಗಳ ಹಿಂದೆ ಹನ್ನೊಂದು ದಿನ ಇಟ್ಟುಕೊಂಡಳು. ಕುಲಸುಮಬೀ ಕುರಾನು ಹಿಡಿದುಕೊಂಡು ಬಂದಿದ್ದಳು, ಐದು ವರ್ಷದ ಆಬೇದಾ ಒಂದು ಚಿತ್ರದ ಪುಸ್ತಕ. ಅಪ್ಪ ಬೀದರಿನ ಬಜಾರಿನಿಂದ ತಂದುಕೊಟ್ಟದ್ದಂತೆ. ಪುಟಕ್ಕೆ ಅಕ್ಕಪಕ್ಕ ಎರಡು ಚಿತ್ರ, ಪ್ರತಿ ಚಿತ್ರದ ಕೆಳಗೆ ಒಂದೊಂದು ಸಾಲು ಉರ್ದು. ಒಬ್ಬ ಸವಾರ, ಅವನ ಹೆಂಡತಿ, ಒಂದು ಬಿಳಿ ಕುದುರೆ.

ಮಗು ಅತ್ತರೆ ದನಿ ಹೊರಗೆ ಹೋಗುತ್ತದೆ. ಅದಕ್ಕೆ ಅತ್ತೆ ಪುಸ್ತಕ ತೆರೆದು, ಚಿತ್ರದ ಮೇಲೆ ಬೆರಳಿಟ್ಟು, ತನಗೆ ತೋಚಿದ ಕಥೆಯನ್ನು ಪಿಸುದನಿಯಲ್ಲಿ ಹೇಳತೊಡಗಿದಳು. ಬಾಗಿಲಲ್ಲಿ ದೀಪ ಹಿಡಿದು ಒಬ್ಬಳೇ ನಿಂತ ಹೆಂಡತಿ. ಬಯಲಿನಲ್ಲಿ ಒಂಟಿ ಕುದುರೆ. ಬೇಡಿ ಹಾಕಿಸಿಕೊಂಡ ಸವಾರ, ಅವನ ಮುಂದೆ ಕೊತವಾಲ. ಆಮೇಲೆ ಊರ ಅಗಸೆಬಾಗಿಲು, ಆಮೇಲೆ ಹೊಳೆ, ಆಮೇಲೆ ಮನೆಯ ಬಾಗಿಲಲ್ಲಿ ನಿಂತ ಕುದುರೆ. ಕೊನೆಯಲ್ಲಿ ಬೇವಿನ ಮರದ ಕೆಳಗೆ ಗಂಡ ಹೆಂಡತಿ ಒಂದೇ ತಾಟಿನಲ್ಲಿ ಕೂತು ರೊಟ್ಟಿ ತಿನ್ನುವುದು.

"ಬಂದ ನೋಡವ್ವ, ಮನಿಗಿ ಬಂದ. ಈಗ ಉಣ್ಲತ್ತಾರ" ಎಂದು ಅತ್ತೆ ಪುಸ್ತಕ ಮುಚ್ಚಿದಳು. ಮೊದಲ ದಿನ ಆಬೇದಾ ಏನೋ ಹೇಳಲು ಬಾಯಿ ತೆರೆದಳಂತೆ. ಕುಲಸುಮಬೀ ಮಗಳ ಬಾಯಿಯ ಮೇಲೆ ಕೈಯಿಟ್ಟಳು. ಸದ್ದಾಗಬಾರದೆಂದು ಇರಬೇಕು ಎಂದುಕೊಂಡಳು ಅತ್ತೆ.

ಆ ಹನ್ನೊಂದು ದಿನ ಕಳೆದ ಮೇಲೂ ಕಥೆ ನಿಲ್ಲಲಿಲ್ಲ. ಕುಲಸುಮಬೀ ಹೊಲಿಗೆ ಹಿಡಿದಳು, ಕುದುರೆಯನ್ನು ಮಾರಲಿಲ್ಲ. ಕೈಯ ಬಳೆಯನ್ನೂ ಕೊರಳಿನ ಕರಿಮಣಿ ಲಚ್ಛಾವನ್ನೂ ತೆಗೆಯಲಿಲ್ಲ. ಹೆಣ ನೋಡಿದವರಿಲ್ಲ, ಮಣ್ಣು ಕೊಟ್ಟವರಿಲ್ಲ, ಹಾಗಿರುವಾಗ ಗಂಡ ಸತ್ತವರು ಮನೆಯೊಳಗೆ ಕೂರುವ ಇದ್ದತಿಗೆ ನಾನ್ಯಾಕೆ ಕೂರಲಿ ಎನ್ನುವಳು. ಮಧ್ಯಾಹ್ನ ಜೋಳ ಹಸನು ಮಾಡುವ ಹೊತ್ತಿಗೆ ಅತ್ತೆಯ ಕಟ್ಟೆಗೆ ಬಂದು, "ಅಕ್ಕಾ, ಸವಾರಂದು ಹೇಳ್ರಿ" ಎಂದು ಪುಸ್ತಕ ಕೊಡುವಳು. ಕ್ರಮೇಣ ಓಣಿಯ ಹೆಂಗಸರೆಲ್ಲ ಸೇರಿದರು. ಇಡೀ ಓಣಿಯಲ್ಲಿ ದೊಡ್ಡ ಗಂಟಲಿನ ಶಾಲುಬಾಯಿ ಒಮ್ಮೆ ಬಾಗಿಲಿನ ಚಿತ್ರದಲ್ಲಿ ಕುದುರೆಯ ಮುಖ ತೋರಿಸಿ ಅಡ್ಡಮಾತು ತೆಗೆದಳು.

"ಗುಂಡಮ್ಮಕ್ಕ, ಮನಿಗಿ ಬಂದಾನಂತೀರಿ. ಮತ್ತ ಕುದುರಿ ಮಾರಿ ರಸ್ತಾಕಡಿ ಯಾಕದರಿ?"

"ನಮ್ಮ ಲಾಲ ಅಹ್ಮದಣ್ಣ ಟಾಂಗಾ ಹ್ಯಾಂಗ ನಿಲ್ಲಸ್ತಿದ್ದ? ಹಂಗ" ಎಂದಳು ಅತ್ತೆ. ಎಲ್ಲರೂ ಒಪ್ಪಿಕೊಂಡರು. ಕುಲಸುಮಬೀಯೂ ನಕ್ಕಳು.

ಐದು ವರ್ಷ ಹೀಗೆ ಹೋಯಿತು. ನಾನು ಬೀದರಿನಲ್ಲಿ ಹೆಣ್ಣುಮಕ್ಕಳ ಶಾಲೆಗೆ ಮಾಸ್ತರಬಾಯಿಯಾಗಿ ಸೇರಿ, ಮೈಲೂರದ ನೆಂಟರ ಮನೆಯಲ್ಲಿದ್ದೆ. ಒಂದು ದಿನ ಬಜಾರಿನಲ್ಲಿ ಸಿನೆಮಾದ ಉರ್ದು ಚೀಟಿ ಹಂಚುತ್ತಿದ್ದರು. ಅದೇ ಬಿಳಿ ಕುದುರೆ, ಅದೇ ಬೇವಿನ ಮರ. ಚಿತ್ರದ ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೆಯೇ, ಹೂಬಹೂ, ಒಂದು ಕೂದಲೂ ಆಚೀಚೆ ಇಲ್ಲ ಎಂದು ಬರೆದಿತ್ತು. ಮುಂದಿನ ವಾರ ಭಾಲ್ಕಿಯ ಹಳೆಯ ಹತ್ತಿ ಜಿನ್ನಿನ ಶೆಡ್ಡಿನಲ್ಲಿ ಆಟ, ಮಧ್ಯಾಹ್ನ ಬರೀ ಹೆಂಗಸರಿಗೆ. ನಾನು ಆ ಪುಸ್ತಕವನ್ನು ಒಮ್ಮೆಯೂ ಕೈಯಲ್ಲಿ ಹಿಡಿದಿರಲಿಲ್ಲ. ರಜೆಗೆ ಹೋದಾಗ ದೂರ ಕೂತು ಕಥೆ ಕೇಳಿದ್ದೆ ಅಷ್ಟೆ. ಹಿಡಿದಿದ್ದರೆ ಉರ್ದು ಶಾಲೆಯಲ್ಲಿ ಓದಿದ ನನಗೆ ಆಗಲೇ ತಿಳಿಯುತ್ತಿತ್ತು. ಚೀಟಿ ಹಿಡಿದು ರೈಲು ಹತ್ತಿದೆ.

ಅತ್ತೆಯ ಸಂಭ್ರಮ ಹೇಳತೀರದು. ತಾನು ಹೇಳಿದ ಕಥೆಯೇ ಸಿನೆಮಾ ಆಗಿದೆ ಎಂಬಂತೆ ಓಣಿ ತುಂಬ ಓಡಾಡಿದಳು. ಕುಲಸುಮಬೀ ಮಾತ್ರ ಮೊದಲು ತಲೆನೋವು ಎಂದಳು, ಆಮೇಲೆ ಅರ್ಜೆಂಟು ಹೊಲಿಗೆ ಇದೆ ಎಂದಳು.

"ಹುಚ್ಚಿ, ಪರದೆ ಮ್ಯಾಲ ಅಂವ ಮನಿಗಿ ಬರೋದು ಕಣ್ಣಾರೆ ನೋಡೋಣ ನಡಿ" ಎಂದು ಅತ್ತೆ ಅವಳ ರಟ್ಟೆ ಹಿಡಿದಳು. ನಾನು ಇನ್ನೊಂದು ರಟ್ಟೆ ಹಿಡಿದೆ.

ಶೆಡ್ಡಿನ ಬಾಗಿಲು ಮುಚ್ಚಿ ಕತ್ತಲು ಮಾಡಿದ್ದರು. ಮುಂದೆ ಮುಸಲ್ಮಾನರ ಹೆಣ್ಣುಮಕ್ಕಳು, ಹಿಂದೆ ನಮ್ಮ ಓಣಿಯವರು. ಬೇವಿನ ಮರ ಬಂದ ಕೂಡಲೇ ಇಡೀ ಶೆಡ್ಡು ಹೋ ಎಂದಿತು. ತಾಟು ಅದೇ, ರುಮಾಲಿನ ಗಂಟು ಅದೇ. ಮುಂದಿನವರು "ಹೂಬಹೂ, ಹೂಬಹೂ" ಎನ್ನುತ್ತಿದ್ದರು. ಪುಸ್ತಕದ ಒಂದೊಂದು ಚಿತ್ರಕ್ಕೂ ಜೀವ ಬಂದು ಅಲ್ಲಾಡಿದಂತೆ ಇತ್ತು, ಸುಳ್ಳು ಯಾಕೆ ಹೇಳಲಿ. ನಮ್ಮವರಿಗೆ ಮಾತ್ರ ಸ್ವಲ್ಪ ಗೊಂದಲ.

"ಮೊದಲ ಊಟ ತೋರಿಸ್ಲತ್ತಾರಲ್ಲ" ಎಂದಳು ಶಾಲುಬಾಯಿ.

"ಮನಿ ಮುಟ್ಟಿದ್ದು ಮೊದಲ ತೋರಿಸಿ, ಹ್ಯಾಂಗ ಬಂದ ಅನ್ನೋದು ಆಮ್ಯಾಲ ತೋರಸ್ತಾರ" ಎಂದು ಅತ್ತೆ ಸಮಾಧಾನ ಹೇಳಿದಳು.

ಸವಾರ ಎದ್ದ. ಹೆಂಡತಿ ರೊಟ್ಟಿಯ ಗಂಟು ಕೊಟ್ಟಳು. ಬಾಗಿಲಲ್ಲಿ ಕುದುರೆ ನಿಂತಿತ್ತು, ಮುಖ ರಸ್ತೆಯ ಕಡೆ. ಅವನು ಹತ್ತಿ ಕೂತ, ಕುದುರೆ ನೇರ ರಸ್ತೆ ಹಿಡಿದು ಹೋಗಿಬಿಟ್ಟಿತು. ಹೊಳೆ ಬಂತು. ಊರ ಅಗಸೆ ಬಂತು.

ಶಾಲುಬಾಯಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಹಿಂದಿನ ಕಿಂಡಿಯಲ್ಲಿ ಮೆಶಿನ್ನು ನಡೆಸುತ್ತಿದ್ದ ಬದ್ರೋದ್ದೀನನಿಗೆ ಕೂಗಿದಳು: "ಏ ಬದ್ರೋದ್ದೀನಾ, ರೀಲ್ ಉಲ್ಟಾ ಹಾಕೀದಿ ನೋಡಪಾ. ಬರೋ ಮನಷ್ಯಾಗ ಹೊಂಟಂಗ ಮಾಡೀದಿ." ನಮ್ಮ ಹೆಂಗಸರೆಲ್ಲ ದನಿಗೂಡಿಸಿದರು. ಮುಂದಿನಿಂದ ಒಬ್ಬಾಕೆ ತಿರುಗಿ, "ಚುಪ್ ಬೈಠೋ, ಕಿತಾಬ್ ಮೇ ಐಸಾಚ್ ಹೈ" ಎಂದು ಗದರಿದಳು. ಪುಸ್ತಕದಲ್ಲಿ ಹೀಗಿಲ್ಲ ಎಂದು ಇವರು, ಹೀಗೇ ಇದೆ ಎಂದು ಅವರು. ಇದರ ನಡುವೆ ಕುಲಸುಮಬೀ ಪರದೆಯಿಂದ ಕಣ್ಣು ತೆಗೆಯದೆ ಕೂತಿದ್ದಳು.

ಮಧ್ಯಂತರಕ್ಕೆ ಬಾಗಿಲು ತೆರೆದರು. ಅತ್ತೆ ಪುಸ್ತಕವನ್ನು ಸೆರಗಿನಲ್ಲಿ ಇಟ್ಟುಕೊಂಡೇ ಬಂದಿದ್ದಳು. ನೇರ ಬದ್ರೋದ್ದೀನನ ಹತ್ತಿರ ಹೋಗಿ ಎಡಗಡೆಯ ರಟ್ಟು ಬಿಚ್ಚಿ ತೋರಿಸಿದಳು. "ನೋಡಪಾ, ಮೊದಲ ದೀಪ. ಕಡೀಕ ಊಟ. ನೀ ಏನ್ ತೋರಿಸ್ಲತ್ತಿ?"

ಅವನು ಪುಸ್ತಕ ಇಸಿದುಕೊಂಡು ಮಗುಚಿ ಹಿಡಿದ. ತುಂಬ ಮೆಲ್ಲಗೆ ಹೇಳಿದ, ಪಾಪ. "ಅಮ್ಮಾ, ಇದು ಉರ್ದು ಕಿತಾಬ್ ಅದರಿ. ಬಲಗಡಿಂದ ಸುರು ಆಗ್ತದ. ನೀವು ಆಖರಿ ಪುಟದಿಂದ ನೋಡ್ಲತ್ತೀರಿ."

ಉರ್ದು ಬಲದಿಂದ ಎಡಕ್ಕೆ ಎಂದು ಅತ್ತೆಗೂ ಗೊತ್ತಿತ್ತು. ಅದು ಅಕ್ಷರದ ಮಾತು ಎಂದುಕೊಂಡಿದ್ದಳು. ಚಿತ್ರಕ್ಕೂ ಆ ನಿಯಮ ಇದೆಯೆಂದು ಹೊಳೆದಿರಲಿಲ್ಲ. ಪುಸ್ತಕ ತೆಗೆದುಕೊಂಡು ಬಲಗಡೆಯಿಂದ ಒಂದೊಂದೇ ಪುಟ ತಿರುವಿದಳು. ಊಟ, ಹೊರಡುವುದು, ಹೊಳೆ, ಅಗಸೆ, ಬೇಡಿ, ಒಂಟಿ ಕುದುರೆ, ದೀಪ. ಕೊನೆಯ ಪುಟದಲ್ಲಿ ದೀಪದ ಚಿತ್ರದ ಮೇಲೆ ಬೆರಳಿಟ್ಟಳು. "ವಿಮಲಾ, ನನಗ ಓದ್ಲಾಕ ಬರ್ತದ ಅಂತಿದ್ದೆ" ಎಂದಳು.

ಎದ್ದು ಬರಬಹುದಿತ್ತು, ಬರಲಿಲ್ಲ. ಕುಲಸುಮಬೀ ಒಳಗೆ ಕೂತಿದ್ದಳು. ಉಳಿದ ಅರ್ಧವನ್ನು ನಮ್ಮ ಓಣಿಯವರೂ ಕೂತು ನೋಡಿದರು. ದೀಪ ಹಿಡಿದ ಹೆಂಡತಿ ಬಾಗಿಲಲ್ಲಿ ಬಂದು ನಿಂತಾಗ ಮುಂದಿನವರು ಗೊಳೋ ಎಂದು ಅತ್ತರು. ಅತ್ತವರಿಗೆ ಸಮಾಧಾನವೂ ಇತ್ತು, ಪುಸ್ತಕದ ಹಾಗೇ ಮಾಡಿದ್ದಾರೆ ಎಂದು. ನನಗೆ ಆ ಸಿನೆಮಾದವರ ಮೇಲೆ ಎಂಥ ಸಿಟ್ಟು ಬಂತು. ಎಲ್ಲ ಕಥೆಗಳನ್ನೂ ಕೆಡಿಸುವ ಜನ, ಇದೊಂದನ್ನು ಕೆಡಿಸಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಮನೆಯ ಹತ್ತಿರ ಬಂದ ಮೇಲೆ ಅತ್ತೆ ನಿಂತಳು. "ಕುಲಸುಮ, ನಿನಗ ಉರ್ದು ಬರ್ತದ. ಮೊದಲ ದಿನಾನೇ ಗೊತ್ತಿತ್ತು. ಆಬೇದಾನ ಬಾಯಿ ಅದಕ್ಕೇ ಮುಚ್ಚೀದಿ. ನನಗ್ಯಾಕ ಹೇಳಲಿಲ್ಲ?"

"ನೀವು ಓದಿದ್ರ ಅವ್ರು ಮನಿಗಿ ಬರ್ತಿದ್ರು, ಅಕ್ಕಾ."

"ಮತ್ತ ಸಿನೆಮಾಕ್ಕ ಯಾಕ ಬಂದಿ?"

"ಸಿನೆಮಾದವ್ರು ಕಿಸ್ಸಾ ಬದಲ ಮಾಡ್ತಾರಂತ ಮಂದಿ ಅಂತಿದ್ರು. ಇದೂ ಬದಲ ಮಾಡಿರ್ತಾರ ಅಂದ್ಕೊಂಡೆ." ಇಷ್ಟು ಹೇಳಿ ಅವಳು ಮನೆಯೊಳಗೆ ಹೋದಳು.

ಮರುದಿನ ಬೆಳಿಗ್ಗೆ ಕುಲಸುಮಬೀಯ ಕೈಯಲ್ಲಿ ಬಳೆ ಇರಲಿಲ್ಲ. ಲಚ್ಛಾ ತೆಗೆದು ಇದ್ದತಿಗೆ ಕೂತಳು, ಐದು ವರ್ಷ ತಡವಾಗಿ. ಆ ನಾಲ್ಕು ತಿಂಗಳು ಹತ್ತು ದಿನ ಅತ್ತೆಯೇ ಅವಳ ಮನೆಗೆ ನೀರು, ರೊಟ್ಟಿ ಮುಟ್ಟಿಸಿದಳು. ಇಬ್ಬರ ನಡುವೆ ಆ ಪುಸ್ತಕದ ಮಾತು ಬರಲಿಲ್ಲ. ತಾನೇ ಅವಳ ಬಳೆ ಒಡೆದ ಹಾಗಾಯಿತು ಎಂದು ಅತ್ತೆ ನನ್ನ ಹತ್ತಿರ ಅತ್ತಳು. ಅಲ್ಲ ಅತ್ತಿ, ರಟ್ಟೆ ಹಿಡಿದು ಎಳೆದವಳು ನಾನೂ ಹೌದಲ್ಲ ಎಂದೆ. ಅದರಿಂದ ಇಬ್ಬರಿಗೂ ಏನೂ ಹಗುರಾಗಲಿಲ್ಲ.

ಇದ್ದತು ಮುಗಿದ ಮೇಲೆ ಹೈದರಾಬಾದಿನಿಂದ ಕುಲಸುಮಬೀಯ ಅಣ್ಣ ಬಂದು ತಂಗಿಯನ್ನೂ ಆಬೇದಾಳನ್ನೂ ಕರೆದುಕೊಂಡು ಹೊರಟ. ಕುದುರೆಯನ್ನು ಸ್ಟೇಶನ್ನಿನ ಇನ್ನೊಬ್ಬ ಟಾಂಗಾದವನಿಗೆ ಕೊಟ್ಟಿದ್ದರು. ಅವನೇ ಅದೇ ಕುದುರೆ ಹೂಡಿ ತಂದ. ರೂಢಿಯಂತೆ ಕುದುರೆ ತಾನೇ ತಿರುಗಿ, ಟಾಂಗಾದ ಬೆನ್ನನ್ನು ಬಾಗಿಲಿಗೆ ಕೊಟ್ಟು ನಿಂತಿತು. ಕುಲಸುಮಬೀ ಪುಸ್ತಕವನ್ನು ಅತ್ತೆಯ ಮಡಿಲಿಗೆ ಹಾಕಿ, "ನಿಮ್ಮಂಗ ಯಾರಿಗಿ ಓದ್ಲಾಕ ಬರಲ್ಲ ಅಕ್ಕಾ, ನಿಮ್ಮ ಬಲ್ಲಿನೇ ಇರಲಿ" ಎಂದು ಹತ್ತಿ ಕೂತಳು.

ಅತ್ತೆ ಹೊಸ್ತಿಲಲ್ಲಿ ನಿಂತು ಕುದುರೆಯನ್ನು ನೋಡಿದಳು. ಅದರ ಮುಖ ರಸ್ತೆಯ ಕಡೆ ಇತ್ತು.

"ಈ ಸಲ ಬರೋಬ್ಬರಿ ಓದೀನಿ, ವಿಮಲಾ" ಎಂದಳು. "ಹೊಂಟಾರ."