ಎಲ್ಲಿದ್ದೇನೆಂದು ಕರೆದವರೇ ಹೇಳಲಿ

ಮೊನ್ನೆ ವಡೋದರಾದ ಮಂಜಲ್‌ಪುರದ ಮನೆ ಖಾಲಿ ಮಾಡುವಾಗ ಹಳೆಯ ಬ್ಯಾಗಿನಲ್ಲಿ ಒಂದು ಪ್ರಿಂಟೌಟ್ ಸಿಕ್ಕಿತು. ಮಗ್ಗದ ಎಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ. ಅಂಚಿನಲ್ಲಿ ಸರ್ ಎಳೆದ ಹಸಿರು ಪೆನ್ಸಿಲ್ ಗೆರೆಗಳು...

ಈ ಊರಿನಲ್ಲಿ ನನ್ನ ಮೊದಲ ಕೆಲಸದ ಕಾಲದ್ದು ಅದು. ವಿದ್ಯುತ್ ಮಗ್ಗ ನಡೆಸುವ ಕಂಟ್ರೋಲರ್‌ಗೆ ಕರ್ನಲ್ ಕೋಡ್, ಅಂದರೆ ಯಂತ್ರವನ್ನು ಒಳಗಿನಿಂದ ನಡೆಸುವ ತಂತ್ರಾಂಶ, ಬರೆಯುತ್ತಿದ್ದೆವು. ಧಾರವಾಡ ಕಡೆಯ ಸರ್ ನಮ್ಮ ತಂಡದ ಹಿರಿಯರು. ಕೋಡನ್ನು ಕಾಗದದ ಮೇಲೆಯೇ ಓದುತ್ತಿದ್ದರು. ಮಗ್ಗ ನಿಲ್ಲಿಸುವ ಫಂಕ್ಷನ್ನಿನೊಳಗೆ ನಾನೊಂದು ಮ್ಯಾಕ್ರೋ, ಪುಟ್ಟ ಕೋಡ್ ತುಣುಕು, ಹಾಕಿದ್ದೆ. ತಾನೀಗ ಇಂಟರಪ್ಟ್‌ನಲ್ಲಿ, ಅಂದರೆ ನಡೆಯುತ್ತಿರುವ ಕೆಲಸವನ್ನು ತಡೆದು ಬರುವ ತುರ್ತು ಕರೆಯಲ್ಲಿ, ಇದ್ದೇನೆಯೇ ಎಂದು ಅದು ಪರೀಕ್ಷಿಸಿಕೊಳ್ಳುತ್ತಿತ್ತು. ಹೌದಾದರೆ ಕೂಡಲೇ ಕೆಲಸ ಮುಗಿಸುವುದು. ಇಲ್ಲವಾದರೆ ಸರದಿ ಕಾಯುವುದು.

"ಕುಡದು ಬಂದವರಂಗ 'ನಾ ಎಲ್ಲಿದೀನಿ' ಅಂತ ಯಾಕ ಕೇಳತೈತಿ ಅದು?" ಎಂದರು ಸರ್. "ಕರದವರಿಗೆ ಗೊತ್ತಿರತೈತಿ. ಅವರ ಹೇಳಲಿ."

ನಾವು ಬಳಸುತ್ತಿದ್ದಂಥ ರಿಯಲ್-ಟೈಮ್ ಕರ್ನಲ್‌ನಲ್ಲಿ ಇಂಟರಪ್ಟ್‌ನ ತುರ್ತು ಕೆಲಸವೂ ಸರದಿಯಲ್ಲಿ ಓಡುವ ಸಾಮಾನ್ಯ ಥ್ರೆಡ್‌ನಂತೆಯೇ ನಡೆಯುತ್ತದೆ. ಆಗ ಮ್ಯಾಕ್ರೋ 'ಇಲ್ಲ' ಎನ್ನುತ್ತದೆ, ಕಾಯಬಾರದ ಜಾಗದಲ್ಲಿ ಕೋಡ್ ಕಾಯುತ್ತ ಕೂರುತ್ತದೆ. ಅಷ್ಟು ಹೊತ್ತೂ ಮಗ್ಗ ಓಡುತ್ತಿರುತ್ತದೆ, ನೂಲು ಕಟ್ಟಲು ಬಗ್ಗಿದವರ ಬೆರಳು ಅಲ್ಲಿರುತ್ತದೆ... ಮ್ಯಾಕ್ರೋ ತೆಗೆದೆ. ಕಾಯಬಹುದೇ ಇಲ್ಲವೇ ಎಂದು ಕರೆಯುವ ಕೋಡೇ ಹೇಳುವಂತೆ ಮಾಡಿದೆ. ಹಾಗೆ ಕರೆಯುವ ಜಾಗಗಳು ಹನ್ನೊಂದಿದ್ದವು.

ಸರ್ ಫೋನ್ ಮಾಡುತ್ತಿದ್ದದ್ದೂ ಹೀಗೆಯೇ. ಎಲ್ಲಿದ್ದೀ ಎಂದು ಎಂದೂ ಕೇಳಿದವರಲ್ಲ. "ಬಸ್ಸಿನ್ಯಾಗ ಅದೀನಿ, ಎರಡ ನಿಮಿಷದ ಮಾತು" ಎಂದೇ ಶುರು.

ಸೂರತ್‌ನ ಮಗ್ಗದ ಶೆಡ್ಡಿನಲ್ಲಿ ಹೊಸ ಕೋಡ್ ಪರೀಕ್ಷಿಸುವ ದಿನ ಸರ್ ರಜೆಯಲ್ಲಿದ್ದರು. ಕಾರಣ ನಾನು ಕೇಳಿರಲಿಲ್ಲ. ಹನ್ನೆರಡನೆಯ ಜಾಗವೊಂದು ಎಲ್ಲಾದರೂ ಉಳಿದಿದ್ದರೆ? ಪ್ರಿಂಟೌಟ್ ಹಿಡಿದು ಮತ್ತೆ ಮತ್ತೆ ಎಣಿಸುತ್ತಿದ್ದೆ. ಬೆವರಿಗೆ ಕಾಗದ ಅಂಟುತ್ತಿತ್ತು. ನಾಳೆಯಿಂದ ಆ ಮಗ್ಗದಲ್ಲಿ ಕೆಲಸ ಮಾಡಬೇಕಾದವರು ಕೈಕಟ್ಟಿ ನಿಂತು, "ಪಕ್ಕಾ ರುಕೇಗಾ ನಾ, ಬೆಹನ್?" ಎಂದರು, ಖಂಡಿತ ನಿಲ್ಲುತ್ತದೆ ತಾನೇ ಎಂದು. ನಿಲ್ಲಿಸುವ ಗುಂಡಿಯ ಮೇಲೆ ಬೆರಳಿಟ್ಟೆ. ಆಗ ಫೋನ್ ಬಂತು.

"ಎಲ್ಲಿದ್ದೀ ತಂಗಿ?"

"ಮಗ್ಗದ ಹತ್ರ ಸರ್. ಆಮೇಲೆ ಮಾಡ್ತೀನಿ."

ಇಟ್ಟುಬಿಟ್ಟೆ. ಗುಂಡಿ ಒತ್ತಿದೆ. ಮಗ್ಗ ಥಟ್ಟನೆ ನಿಂತಿತು. ನಂಬಿಕೆ ಬಾರದೆ ಮಧ್ಯಾಹ್ನದವರೆಗೂ ಓಡಿಸಿ ಒತ್ತುತ್ತಲೇ ಇದ್ದೆ. ಪ್ರತಿ ಸಲವೂ ನಿಂತಿತು. ಸಂತೋಷದಿಂದ ಅವರಿಗೆ ಫೋನ್ ಮಾಡಿದರೆ ಮಗಳು ಎತ್ತಿಕೊಂಡಳು. ಅಹಮದಾಬಾದಿನ ಆಸ್ಪತ್ರೆ, ಹೃದಯದ ಆಪರೇಷನ್, ಅಪ್ಪನನ್ನು ಆಗಲೇ ಒಳಗೆ ಕರೆದೊಯ್ದಿದ್ದಾರೆ ಎಂದಳು. ಆಪರೇಷನ್ನಿನ ನಂತರ ಸರ್ ಮತ್ತೆ ಎಚ್ಚರಗೊಳ್ಳಲೇ ಇಲ್ಲ.

ಪ್ರಿಂಟೌಟನ್ನು ಎಸೆಯಲಾಗಲಿಲ್ಲ. ಪೆಟ್ಟಿಗೆಗೆ ಹಾಕುವ ಮುನ್ನ ಇನ್ನೊಮ್ಮೆ ಎಣಿಸಿದೆ. ಹನ್ನೊಂದೇ. ಹನ್ನೊಂದಕ್ಕೂ ಹಸಿರು ಗುರುತಿತ್ತು.

ತಾವು ಎಲ್ಲಿಂದ ಕರೆಯುತ್ತಿದ್ದೇವೆಂದು ಆ ದಿನ ಅವರು ಹೇಳಲಿಲ್ಲ. ಮಗ್ಗದ ಹತ್ರ ಎಂದಾಗಲೇ ನನ್ನ ಬೆರಳು ಎಲ್ಲಿದೆಯೆಂದು ಗೊತ್ತಾಗಿದ್ದರಿಂದಲೋ ಏನೋ... ನಾನಾದರೂ ಕೇಳಬಹುದಿತ್ತು.