ಚಾರ್ಜರಿನ ಬೆನ್ನು ಓದಿದ ನೀಲಕ್ಕ

ಧಾರವಾಡದ ಪಾಲಿಟೆಕ್ನಿಕ್ ಒಂದರ ಇಲೆಕ್ಟ್ರಿಕಲ್ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಇನ್‌ಸ್ಟ್ರಕ್ಟರ್ ಆಗಿದ್ದೆ. ನಿವೃತ್ತನಾದ ಮೇಲೆ ನವನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ರಿಪೇರಿ ಅಂಗಡಿ ಇಟ್ಟೆ. ಹೋದ ವರ್ಷ ಅಲ್ಲಿಗೆ ಕಸೂತಿ ಕಲಿಸುವ ನೀಲಕ್ಕ ಹಳೆಯ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು.

ಜಪಾನಿನ ಒಂದು ಕರಕುಶಲ ಮೇಳದಿಂದ ಅವರಿಗೆ ಕರೆ ಬಂದಿತ್ತು. ಇಪ್ಪತ್ತು ವರ್ಷ ಕೂಡಿಹಾಕಿದ ವಿನ್ಯಾಸಗಳೆಲ್ಲ ಆ ಲ್ಯಾಪ್‌ಟಾಪಿನಲ್ಲಿದ್ದವು. ಅದರ ಬ್ಯಾಟರಿ ಸತ್ತಿತ್ತು, ಹೊಸದು ಎಲ್ಲಿಯೂ ಸಿಕ್ಕಿರಲಿಲ್ಲ. ವೈರ್ ಕಿತ್ತರೆ ಲ್ಯಾಪ್‌ಟಾಪ್ ಆರಿಹೋಗುತ್ತಿತ್ತು.

"ಅಲ್ಲಿ ಇದು ಹತ್ತಲಿಲ್ಲ ಅಂದ್ರ ನಾ ಏನ್ ತೋರಿಸ್ಲಿರಿ ಸರ?" ಎಂದರು.

ನಮ್ಮಲ್ಲಿ 230 ವೋಲ್ಟ್, ಜಪಾನಿನಲ್ಲಿ 100. ನನಗೆ ಎಲ್ಲಿಲ್ಲದ ಹುರುಪು ಬಂತು. ಟ್ರಾನ್ಸ್‌ಫಾರ್ಮರ್ ಸುತ್ತುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಬ ಬೇರೆ. ನಾಲ್ಕು ದಿನ ಕೂತು ತಾಮ್ರದ ತಂತಿ ಸುತ್ತಿ, 100 ವೋಲ್ಟನ್ನು 230ಕ್ಕೆ ಏರಿಸುವ ಟ್ರಾನ್ಸ್‌ಫಾರ್ಮರ್ ಮಾಡಿದೆ. ತೂಕ ಮೂರೂವರೆ ಕಿಲೋ.

ಒಯ್ಯಲು ಬಂದ ನೀಲಕ್ಕ ಅದನ್ನು ಎತ್ತಿ ನೋಡಿ ಮುಖ ಸಣ್ಣ ಮಾಡಿದರು. ವಿಮಾನದ ಬ್ಯಾಗು ಆಗಲೇ ತುಂಬಿತ್ತಂತೆ.

"ನಮ್ಮ ಹೆಣ್ಣುಮಕ್ಕಳು ಕಸೂತಿ ಹಾಕಿದ ಐದು ಸೀರಿ ತಗದಿಡಬೇಕಾಗ್ತದ್ರಿ. ಅವ್ರಿಗೆ ಹೆಂಗ್ ಹೇಳ್ಲಿ?" ಎನ್ನುತ್ತ ಮೇಜಿನ ಮೇಲಿದ್ದ ತಮ್ಮ ಲ್ಯಾಪ್‌ಟಾಪಿನ ಚಾರ್ಜರನ್ನು ಕೈಗೆತ್ತಿಕೊಂಡು ತಿರುವಿದರು. "ಸರ, ಇಲ್ಲಿ 100–240 ವೋಲ್ಟ್ ಅಂತ ಬರದೈತಲ್ರಿ. ಹಂಗಂದ್ರ?"

ಹಾಗಂದರೆ ಚಾರ್ಜರು ಜಪಾನಿನ ಕರೆಂಟನ್ನೂ ತಾನೇ ತೆಗೆದುಕೊಳ್ಳುತ್ತದೆ, ಪಿನ್ನು ಬದಲಿಸಿದರೆ ಸಾಕು! ಲೇಬಲ್ ಓದಿಲ್ಲವೆಂದು ಮೂವತ್ತೊಂದು ವರ್ಷ ವಿದ್ಯಾರ್ಥಿಗಳನ್ನು ಬೈದವನು ನಾನೇ. ನಾಚಿಕೆಯಿಂದ ಕಿವಿ ಬಿಸಿಯಾದವು.

"ಹಂಗಂದ್ರ ನಾಕ್ ದಿನ ನಾ ಕತ್ತೆ ದುಡದಂಗ ದುಡದೇನ್ರಿ ಅಕ್ಕಾರ," ಎಂದೆ. ಇಬ್ಬರೂ ನಕ್ಕೆವು. "ಖರೇ ಹೇಳ್ರಿ, ನಿಮಗ ತಿರುವಿ ನೋಡಬೇಕು ಅಂತ ಹೆಂಗ್ ಹೊಳೀತು?"

"ಕಸೂತಿ ಹಿಂದ ತಿರುವೇ ನೋಡೋದ್ರಿ ಸರ. ಮುಂದಿನಂಗ ಹಿಂದೂ ಇರಬೇಕು, ಗಂಟು ಕಾಣಬಾರದು. ಕೈಗೆ ರೂಢಿ ಆಗೇತಿ."

ಮೇಳದವರಿಂದ ಅಲ್ಲಿಯ ಗೋಡೆಯ ಸಾಕೆಟ್ಟಿನ ಫೋಟೋ ತರಿಸಿದೆವು. ಚಪ್ಪಟೆ ಪಿನ್ನಿನ ಎರಡೇ ಸೀಳು ಇದ್ದವು, ಮೂರನೆಯದಿಲ್ಲ. ಹುಬ್ಬಳ್ಳಿ ಪೇಟೆ ಸುತ್ತಿ, ನಮ್ಮ ಮೂರು ಪಿನ್ನಿನ ಪ್ಲಗ್ ಕೂರುವ, ಎರಡು ಚಪ್ಪಟೆ ಪಿನ್ನಿನ ಅಡಾಪ್ಟರ್ ತಂದೆ. ವೋಲ್ಟೇಜ್ ಏರಿಳಿಸುವ ವೇರಿಯಾಕ್ ಎಂಬ ಯಂತ್ರವನ್ನು 100ಕ್ಕೆ ಇಳಿಸಿ, ಅವರೆದುರೇ ಒಂದು ತಾಸು ಲ್ಯಾಪ್‌ಟಾಪ್ ಓಡಿಸಿದೆ. ಒಮ್ಮೆಯೂ ಆರಲಿಲ್ಲ. ಅಡಾಪ್ಟರು ನೀಲಕ್ಕನ ಮುಷ್ಟಿಯಲ್ಲಿ ಮುಚ್ಚಿಹೋಗುವಷ್ಟಿತ್ತು.

ಹದಿನೈದು ದಿನಕ್ಕೆ ಜಪಾನಿನಿಂದ ಫೋಟೋ ಬಂತು. ಲ್ಯಾಪ್‌ಟಾಪ್ ಬೆಳಗುತ್ತಿದೆ, ಹಿಂದೆ ಐದೂ ಸೀರೆ ತೂಗುತ್ತಿವೆ. ಅಲ್ಲಿಯ ಅಜ್ಜಿಯೊಬ್ಬರು ಒಂದು ಸೆರಗನ್ನು ತಿರುವಿ ಅದರ ಬೆನ್ನು ನೋಡುತ್ತಿದ್ದಾರೆ. ಎಷ್ಟು ಸಂತೋಷವಾಯಿತೆಂದರೆ, ಆ ದಿನ ಅಂಗಡಿಗೆ ಬಂದವರಿಗೆಲ್ಲ ಅದನ್ನೇ ತೋರಿಸಿದೆ.

ಈಗ ಯಾವ ಸಾಮಾನು ರಿಪೇರಿಗೆ ಬಂದರೂ ಮೊದಲು ಕನ್ನಡಕ ಏರಿಸಿ, ತಿರುವಿ, ಬೆನ್ನು ಓದುತ್ತೇನೆ. ಮರೆತ ದಿನ ನೆನಪಿಸಲು, ಗಾಳಿಗೆ ಬಾಗಿಲು ಬಡಿಯದಂತೆ ಮೂರೂವರೆ ಕಿಲೋದ ಆ ಟ್ರಾನ್ಸ್‌ಫಾರ್ಮರು ಹೊಸ್ತಿಲಲ್ಲೇ ಕೂತಿದೆ.