ವಿಭೂತಿ ಹಚ್ಚಿದ ಉಕ್ಕಿನ ಕಡ್ಡಿಗಳು

ಎಸೆದು ಹಲಗೆಗೆ ನಾಟಿಸುವ ಉಕ್ಕಿನ ಕಡ್ಡಿಗಳನ್ನು ಮಾಡುವ ಹುಚ್ಚು ನನಗೆ ಹೇಗೆ ಹಿಡಿಯಿತೋ, ಹಿಡಿಯಿತು. ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ದಿನವಿಡೀ ಬೇರೆಯವರ ಅಳತೆಗೆ ಉಕ್ಕು ಕೊರೆಯುವವನಿಗೆ ತನ್ನ ಅಳತೆಗೂ ಒಂದಿಷ್ಟು ಕೊರೆಯುವ ಆಸೆ ಇರಬಾರದೇ? ರಜೆಯ ದಿನ ನಮ್ಮ ಮನೆಯ ತಾರಸಿಯಲ್ಲಿ ರಾಡಿನ ತುಂಡುಗಳನ್ನು ಗ್ರೈಂಡರಿಗೆ ಹಿಡಿದು ಮೊನೆ ಮಾಡುತ್ತಿದ್ದೆ, ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಿದ್ದೆ. ಮೊದಮೊದಲು ಮಾಡಿದವು ಹಲಗೆಗೆ ತಾಗಿದ್ದೇ ಚಕ್ಕುಲಿಯಂತೆ ಮುರಿದವು. ಹದ ತಪ್ಪಿತ್ತು. ಹದ ಸರಿಯಾದ ಮೇಲೆ ಮುರಿಯಲಿಲ್ಲ, ಆದರೆ ನಾಟಲೂ ಇಲ್ಲ. ನನ್ನ ಅಂಗೈ ವಿಪರೀತ ಬೆವರುತ್ತದೆ. ಕಡ್ಡಿ ಬೆರಳಿಗೆ ಅಂಟಿಕೊಂಡು, ತಡವಾಗಿ ಹೊರಟು, ಹಲಗೆಗೆ ಅಡ್ಡಡ್ಡ ಬಡಿದು ಠಣ್ಣೆಂದು ಕೆಳಗೆ ಬೀಳುತ್ತಿತ್ತು.

ಹೆಂಡತಿ ಹಾವೇರಿ ಕಡೆಯವಳು. ಬಟ್ಟೆ ಒಣಹಾಕಲು ತಾರಸಿಗೆ ಬಂದಾಗಲೆಲ್ಲ ಅವಳದು ಒಂದೇ ಪ್ರಶ್ನೆ: “ನಿಮ್ಮ ಮೊಳೆ ಒಂದರ ನಾಟ್ತೇನ್ರಿ?”

“ಮೊಳೆ ಅನ್ಬೇಡ ಕಣೇ!” ಎಂದು ನಾನು ಸಿಡುಕುತ್ತಿದ್ದೆ.

ದಸರೆಗೆ ಮನೆ ತೊಳೆಯುವಾಗ ಅವಳ ತಾಳ್ಮೆ ಮುಗಿಯಿತು. “ಹಬ್ಬ ಮುಗಿಯೂದ್ರಾಗ ಒಂದರ ನಾಟಿಸಿ ತೋರಸ್ರಿ. ಇಲ್ಲಂದ್ರ ಎಲ್ಲಾ ಗುಜರಿಯವಗ ಕೊಡ್ತೀನಿ.”

ಅವಳು ಹೇಳಿದರೆ ಮಾಡುವವಳು. ನನ್ನ ಹಳೆಯ ಸೈಕಲ್ಲು ಹಾಗೆಯೇ ಹೋಗಿತ್ತು. ನಿಜಕ್ಕೂ ಹೆದರಿದೆ.

ಆಯುಧ ಪೂಜೆಯ ಬೆಳಿಗ್ಗೆ ಸ್ಕೂಟರು, ಮಿಕ್ಸಿ, ಲ್ಯಾಪ್‌ಟಾಪು ಎಲ್ಲಕ್ಕೂ ವಿಭೂತಿ ಹಚ್ಚುತ್ತ ಬಂದವಳು ಕಡ್ಡಿಗಳ ಮುಂದೆ ನಿಂತು ನಕ್ಕಳು. “ಖರೇ ಆಯುಧ ಅಂದ್ರ ಈ ಮನ್ಯಾಗ ಇವೇ ನೋಡ್ರಿ!” ಹೀಗೆಂದು ಒಂದೊಂದಕ್ಕೂ ದಪ್ಪಗೆ ಬಳಿದಳು. ಪೂಜೆಗಿಟ್ಟದ್ದನ್ನು ಅಂದು ಮುಟ್ಟುವಂತಿಲ್ಲ. ನನಗೆ ಉಳಿದದ್ದು ವಿಜಯದಶಮಿ ಮಾತ್ರ.

ಮರುದಿನ ಅವಳನ್ನು ಕರೆದುಕೊಂಡೇ ತಾರಸಿಗೆ ಹೋದೆ. ದೇವರ ವಿಭೂತಿ ಒರೆಸಲು ಮನಸ್ಸು ಬರಲಿಲ್ಲ, ಹಾಗೆಯೇ ಹಿಡಿದೆ. ಒಣಗಿದ ಬೂದಿ ಅಂಗೈಯ ಬೆವರನ್ನೆಲ್ಲ ಹೀರಿಬಿಟ್ಟಿತು. ಕಡ್ಡಿ ಬೆರಳಿನಿಂದ ನುಣ್ಣಗೆ ಜಾರಿತು. ಠಕ್! ಹಲಗೆಯ ನಟ್ಟನಡುವೆ ನೆಟ್ಟಗೆ ನಿಂತಿತ್ತು. ತಲೆ ನರೆತದ್ದನ್ನೂ ಮರೆತು ಕುಣಿದುಬಿಟ್ಟೆ. ಅಂಥ ಖುಷಿ ನನಗೆ ಬಡ್ತಿ ಸಿಕ್ಕಾಗಲೂ ಆಗಿರಲಿಲ್ಲ.

ಅವಳು ಹಲಗೆಯ ಬಳಿ ಹೋಗಿ ಕಡ್ಡಿ ಎಳೆದಳು, ಬರಲಿಲ್ಲ. ಎರಡೂ ಕೈ ಹಾಕಿ ಜಗ್ಗಿ ಕಿತ್ತಳು. ಇಷ್ಟಾದರೂ ಗುಜರಿಗೇ ಹಾಕುತ್ತಾಳೋ ಎಂದುಕೊಂಡೆ. ಅವಳು ನೇರ ನಾನಿದ್ದಲ್ಲಿಗೆ ಬಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ಸರೀರಿ ಅತ್ಲಾಗ. ಈಗ ನನ್ನ ಪಾಳಿ.”